ಮಾವನ ಕಂಬಗಳು

ನಮ್ಮ ಸೋದರಮಾವನಿಗೆ ಜಾವಳಿ ಹತ್ತಿರ ಸಣ್ಣದೊಂದು ಕಾಫಿ ತೋಟವಿದೆ. ಆದರೆ ಆಸ್ತಿ ಎಷ್ಟು ಎಂದು ಯಾರಾದರೂ ಕೇಳಿದರೆ ನಮ್ಮ ಪೇಟೆಯ ಕರೆಂಟ್ ಕಂಬಗಳನ್ನೂ ಸೇರಿಸಿಕೊಂಡೇ ಹೇಳುತ್ತಾರೆ! ಕೊಚ್ಚುತ್ತಿದ್ದೇನೆ ಅಂದುಕೊಂಡಿರಾ? ಅವರ ಜೊತೆ ಒಮ್ಮೆ ಬಸ್ ಸ್ಟ್ಯಾಂಡಿನಿಂದ ಸರ್ಕಲ್ಲಿನವರೆಗೆ ನಡೆದು ನೋಡಿ.

"ಈ ಕಂಬಕ್ಕೆ ಮುಖ ಇದೆ ಕಣೋ. ಬಾಳೂರು ಬಸ್ಸು ಇಲ್ಲಿ ತಿರುಗುವಾಗ ಸ್ಲೋ ಆಗುತ್ತೆ, ಕಿಟಕಿ ಪಕ್ಕ ಕೂತೋರೆಲ್ಲ ಓದ್ತಾರೆ. ಆ ಕಂಬ ಇದ್ಯಲ್ಲ, ಅದು ದಂಡ. ಎದುರಿಗೆ ಹಲ್ಲಿನ ಡಾಕ್ಟ್ರು. ಅಲ್ಲಿಗೆ ಬರೋರಿಗೆ ಓದೋ ಮನಸ್ಸೆಲ್ಲಿರುತ್ತೆ ಮಾರಾಯ!"

ರಕ್ತದಾನ ಶಿಬಿರ, ಕಬಡ್ಡಿ, ಯಕ್ಷಗಾನ, ಕಣ್ಣಿನ ತಪಾಸಣೆ, ಊರಲ್ಲಿ ಏನೇ ಇರಲಿ, ಬ್ಯಾನರ್ ಕಟ್ಟುವವರು ಮಾವ. ಯಾರೂ ಕರೆಯಬೇಕಾಗಿಲ್ಲ. ಏಣಿ, ಹಗ್ಗ, ದೋಟಿ ಜೀಪಿನಲ್ಲೇ ಇರುತ್ತವೆ. ಕಟ್ಟಿದ ಮೇಲೆ ಎದುರು ರಸ್ತೆಗೆ ಹೋಗಿ, ಒಂದು ಕಣ್ಣು ಮುಚ್ಚಿ, "ಡೊಂಕಾಗಿದೆ" ಎಂದು ಮತ್ತೆ ಏಣಿ ಹತ್ತುತ್ತಾರೆ. ಒಮ್ಮೆ ಸಾವಿನ ಮನೆಗೆ ಹೋದವರು ಹಾರ ಹಾಕುವ ಮೊದಲು ಶ್ರದ್ಧಾಂಜಲಿಯ ಬ್ಯಾನರ್ ನೆಟ್ಟಗೆ ಮಾಡಿಯೇ ಕೈಮುಗಿದರು!

ಕಾರ್ಯಕ್ರಮ ಮುಗಿದ ಮೇಲೆ ಫ್ಲೆಕ್ಸುಗಳೆಲ್ಲ ಏನಾಗುತ್ತಿದ್ದವು ಎಂದು ಕೇಳುತ್ತೀರಾ? ನಮ್ಮ ಕಡೆ ಅದನ್ನು ಯಾರೂ ಕೇಳುವುದಿಲ್ಲ. ಕಾಫಿ ಒಣಗಿಸುವ ಕಣದಲ್ಲಿ ಹಾಸುತ್ತಿದ್ದೆವು. ನಾಯಕರ ಮುಖದ ಮೇಲೆ ಕಾಫಿ, ಮೀಸೆಯ ಮೇಲೆ ಮೆಣಸು. ಕೆಲಸದ ಗಿರಿಜಮ್ಮ ಬೆಳಿಗ್ಗೆ ಬಂದವಳೇ, "ಅಯ್ಯಾ, ಇವತ್ತು ಯಾರ ಮೇಲೆ ಹರಡೋದು?" ಎಂದು ಕೇಳುತ್ತಿದ್ದಳು. ಮಾವನ ಉತ್ತರ ಸಿದ್ಧ. "ಗೆದ್ದೋರ ಮೇಲೆ ಪಾರ್ಚ್‌ಮೆಂಟ್ ಹಾಕು, ಅದಕ್ಕೆ ರೇಟು ಜಾಸ್ತಿ. ಸೋತೋರ ಮೇಲೆ ಚೆರ್ರಿ ಸಾಕು."

ಹೀಗಿರುವಾಗ ಪಂಚಾಯ್ತಿಯವರು ಹೊಸ ನಿಯಮ ತಂದರು. ಕಂಬಕ್ಕೆ ಬ್ಯಾನರ್ ಕಟ್ಟಲು ಅನುಮತಿ ಬೇಕು. ಊರಿಗೆಲ್ಲ ಸೇರಿದ ಕಾರ್ಯಕ್ರಮಗಳಿಗೆ ಮಾತ್ರ ಅವಕಾಶ. ಫ್ಲೆಕ್ಸ್ ಕೂಡದು, ಬಟ್ಟೆಯೇ ಆಗಬೇಕು. ಯಾರ ಫೋಟೋವೂ ಇರಕೂಡದು. ಮುಗಿದ ಮರುದಿನ ಬೆಳಿಗ್ಗೆ ಬಿಚ್ಚಬೇಕು.

ಮಾವ ಜಗಳಕ್ಕೆ ಹೋಗುತ್ತಾರೆ ಎಂದು ನಾವೆಲ್ಲ ಕಾದೆವು. ಅವರೋ, ಕುಣಿದಾಡಿಬಿಟ್ಟರು! "ಹುಟ್ಟುಹಬ್ಬದ ಮುಖಗಳ ಮಧ್ಯೆ ನನ್ನ ರಕ್ತದಾನ ಕಾಣ್ತಾನೇ ಇರಲಿಲ್ಲ ಕಣೋ! ಇನ್ನು ಕಂಬ ಉಸಿರಾಡುತ್ತೆ!" ಎಂದು ಮನೆಮಂದಿಗೆಲ್ಲ ಜೋನಿಬೆಲ್ಲ ಹಂಚಿದರು. ಮರುದಿನದಿಂದ ನಿಯಮ ಮೀರಿದ ಬ್ಯಾನರ್ ಎಳೆದು ಇಳಿಸಲು ದೋಟಿ ಹಿಡಿದು ಪೇಟೆ ಸುತ್ತತೊಡಗಿದರು. ಸಂಬಳವಿಲ್ಲ, ಹುದ್ದೆಯಿಲ್ಲ. ಪಂಚಾಯ್ತಿಯವರೇ ಅವರನ್ನು ಕಂಡರೆ ಹೆದರುತ್ತಿದ್ದರು.

ನನ್ನ ತಂಗಿಯ ಮದುವೆಗೆ ದಾರಿ ತೋರಿಸಲೆಂದು ನಾನೊಂದು ಬ್ಯಾನರ್ ಕಟ್ಟಿದ್ದೆ. ಒಂದು ಗಂಟೆಯಲ್ಲಿ ಮಾಯ! ಚಪ್ಪರದಡಿಯೇ ಮಾವನನ್ನು ಹಿಡಿದು ಕೇಳಿದೆ.

"ಮಾವ, ಸ್ವಂತ ಸೋದರಸೊಸೆಯ ಮದುವೆ!"

"ಇರಬಹುದು. ಆದ್ರೆ ಮದುವೆ ಊರಿನ ಕಾರ್ಯಕ್ರಮ ಅಲ್ಲ ಕಣೋ. ಇಬ್ಬರ ಕಾರ್ಯಕ್ರಮ."

ಗಂಡಿನ ಕಡೆಯ ಒಂದು ಜೀಪು ದಾರಿ ತಪ್ಪಿ ಇನ್ನಾವುದೋ ಮದುವೆಗೆ ಹೋಗಿ, ಉಂಡು, ಹೋಳಿಗೆ ಬಹಳ ಚೆನ್ನಾಗಿತ್ತು ಎಂದು ಫೋನ್ ಮಾಡಿತು.

ಇಷ್ಟೆಲ್ಲ ಆದರೂ ಅತ್ತೆ ಮಾವನನ್ನು ದೂರಿದವರಲ್ಲ. ಅವರಿಗೆ ಅವರ ಡೇರೆ ಹೂಗಳಾಯಿತು, ಆಂಥೂರಿಯಮ್ ಆಯಿತು. ಮಾವ ಊರಿನವರ ಬ್ಯಾನರ್ ಕಟ್ಟಿಕೊಂಡು ತಿರುಗುವಾಗ ಅತ್ತೆ ಒಬ್ಬರೇ ಅಂಗಳದಲ್ಲಿ ಕುಂಡಗಳ ನಡುವೆ ಇರುತ್ತಿದ್ದರು. ಕಳೆದ ವರ್ಷ ಅಕ್ಕಪಕ್ಕದ ಹೆಂಗಸರು ಸೇರಿ, ಪೇಟೆಯ ಸಮುದಾಯ ಭವನದಲ್ಲಿ ಹೂವಿನ ಪ್ರದರ್ಶನ ಇಡೋಣ, ನೀವೇ ಮುಂದೆ ನಿಲ್ಲಿ ಎಂದರು. ಅತ್ತೆಯ ಹುರುಪು ನೋಡಬೇಕಿತ್ತು! ಬೆಳಿಗ್ಗೆ ಎದ್ದರೆ ಡೇರೆ ಮೊಗ್ಗುಗಳ ಜೊತೆ ಮಾತು. "ಭಾನುವಾರಕ್ಕೇ ಅರಳ್ಬೇಕು, ಮೊದಲೇ ಬಾಯಿ ಬಿಟ್ರೆ ನೋಡು ಮತ್ತೆ!"

ಪ್ರದರ್ಶನದ ಬ್ಯಾನರುಗಳಿಗೆ ಅನುಮತಿ ಸಿಕ್ಕಿತು. ಆದರೆ ಆ ಹೆಂಗಸರು ಪ್ರೀತಿಯಿಂದ, ಅತ್ತೆಗೂ ಹೇಳದೆ, ಬ್ಯಾನರಿನಲ್ಲಿ ಅವರ ಫೋಟೋ ಹಾಕಿಸಿಬಿಟ್ಟರು. ಕೈಯಲ್ಲಿ ಡೇರೆ ಹೂ, ಮುಖದಲ್ಲಿ ನಾಚಿಕೆ. ಶುಕ್ರವಾರ ಪೇಟೆಗೆ ಹೋದ ಅತ್ತೆ ಅದನ್ನು ನೋಡಿ ಕಂಬದ ಕೆಳಗೇ ನಿಂತುಬಿಟ್ಟಿದ್ದರಂತೆ.

ಶನಿವಾರ ಬೆಳಿಗ್ಗೆ ಮಾವ ಆ ಬ್ಯಾನರುಗಳನ್ನೆಲ್ಲ ಬಿಚ್ಚಿ ತಂದು ಜಗಲಿಯ ಮೇಲೆ ಇಟ್ಟರು.

"ನನ್ನ ಮುಖ ಅಷ್ಟು ಬೇಡವಾಯ್ತಾ ನಿಮಗೆ?" ಅತ್ತೆ ಕೇಳಿದರು.

"ಮುಖ ಅಲ್ಲ ಮಾರಾಯ್ತಿ, ನಿಯಮ. ಊರಿಗೆಲ್ಲ ಹೇಳಿ ಮನೆಗೆ ಬಿಟ್ಟರೆ ಹೆಂಗೆ?"

"ಊರಿಗೆಲ್ಲ ಕಟ್ಟಿದ್ರಿ. ನನಗೊಂದು ಕಟ್ಟಲಿಲ್ಲ," ಎಂದು ಅತ್ತೆ ಒಳಗೆ ಹೋದರು.

ನನಗೆ ಸಿಟ್ಟು ಬಂತು. "ಫೋಟೋ ಮೇಲೊಂದು ಬಿಳಿ ಕಾಗದ ಅಂಟಿಸಿದ್ರೆ ಆಗ್ತಿರಲಿಲ್ವಾ ಮಾವ?" ಅಂದೆ. ಮಾವ ಜೀಪಿನ ಕಡೆ ಕೈ ತೋರಿಸಿದರು. ಒಳಗೆ ಬಿಳಿ ಕಾಗದ, ಅಂಟು ಎರಡೂ ಇದ್ದವು. "ಅಂಟಿಸಲಿಕ್ಕೇ ಹೋಗಿದ್ದೆ. ಅವಳ ಮುಖದ ಮೇಲೆ ಕೈ ಓಡಲಿಲ್ಲ ಕಣೋ."

ಭಾನುವಾರ ಬಂತು. ಭವನದ ತುಂಬ ಡೇರೆ! ಕೆಂಪು, ಹಳದಿ, ತಟ್ಟೆಯಷ್ಟು ದೊಡ್ಡವು. ನೋಡುವವರೇ ಇಲ್ಲ. ಹನ್ನೊಂದು ದಾಟಿದರೂ ಬಂದವರು ತೀರ್ಪುಗಾರರು ಮತ್ತು ಒಂದು ನಾಯಿ. ಕೊಯ್ದ ಹೂ ನಾಳೆಗೆ ಕಾಯುತ್ತದೆಯೇ? ಅತ್ತೆ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದರು. ಮಾವನ ಸುಳಿವೇ ಇಲ್ಲ. ನಾಚಿಕೆಗೆ ತೋಟ ಸೇರಿರಬೇಕು ಎಂದು ಬೈದುಕೊಂಡೆ.

ಅಷ್ಟರಲ್ಲಿ ಒಂದು ಆಟೋ ತುಂಬ ಜನ ಬಂದಿಳಿದರು. ಹಿಂದೆಯೇ ಇನ್ನೊಂದು. ಬಾಳೂರು ಬಸ್ಸಿನಿಂದ ಇಳಿದವರೆಲ್ಲ ನಗುತ್ತಾ ನಡೆದೇ ಬಂದರು! ಆಟೋದ ಇಸ್ಮಾಯಿಲ್ ಹೊಟ್ಟೆ ಹಿಡಿದುಕೊಂಡು, "ಅಮ್ಮಾ, ಸರ್ಕಲ್ಲಿಗೆ ಬನ್ನಿ, ಅಯ್ಯಾವ್ರನ್ನ ನೋಡಿ!" ಅಂದ.

ಓಡಿದೆವು. ಮುಖವಿರುವ ಆ ಕಂಬದ ಪಕ್ಕದಲ್ಲಿ, ಅದಕ್ಕೆ ತಾಗದಂತೆ ಒಂದು ಮಾರು ದೂರದಲ್ಲಿ, ಉರಿಬಿಸಿಲಿನಲ್ಲಿ ಮಾವ ನಿಂತಿದ್ದರು. ಕತ್ತಿಗೊಂದು ಗಂಟು, ಸೊಂಟಕ್ಕೊಂದು ಗಂಟು. ಎದೆಯಿಂದ ಮೊಣಕಾಲಿನವರೆಗೆ ಬ್ಯಾನರು. ಎದೆಯ ಮೇಲೆ ಸರಿಯಾಗಿ ಅತ್ತೆಯ ಮುಖ! ಪಂಚಾಯ್ತಿಯ ಸಿಬ್ಬಂದಿಯೊಬ್ಬ ತಲೆ ಕೆರೆದುಕೊಳ್ಳುತ್ತಾ ಸುತ್ತು ಬರುತ್ತಿದ್ದ.

"ಏನು ನೋಡ್ತೀಯ? ಕಂಬ ಮುಟ್ಟಿದ್ದೀನಾ? ಕಂಬಕ್ಕೆ ಕಟ್ಟಬಾರದು ಅಂತಿದೆ. ಗಂಡನಿಗೆ ಕಟ್ಟಬಾರದು ಅಂತ ಎಲ್ಲಿದೆ, ತೋರಿಸು!"

ಸರ್ಕಲ್ಲಿಗೆ ಸರ್ಕಲ್ಲೇ ಚಪ್ಪಾಳೆ ತಟ್ಟಿತು. ನಾನೂ ಶಿಳ್ಳೆ ಹೊಡೆದೆ.

ಅತ್ತೆ ನಗಲಿಲ್ಲ. ರಸ್ತೆಯ ಈ ಬದಿಯಲ್ಲೇ ನಿಂತು, ಒಂದು ಕಣ್ಣು ಮುಚ್ಚಿ, ಗಂಡನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ದಾಟಿ ಹೋದರು.

"ಡೊಂಕಾಗಿದೆ ರೀ," ಅಂದರು.

ಕತ್ತಿನ ಗಂಟು ಬಿಚ್ಚಿ, ನೆಟ್ಟಗೆ ಮಾಡಿ, ಮತ್ತೆ ಕಟ್ಟಿದರು. ಮಾವ ಗದ್ದ ಎತ್ತಿ ನಿಂತುಕೊಟ್ಟರು. ನಮ್ಮ ಪೇಟೆಯ ಯಾವ ಕಂಬವೂ ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ನೋಡಿಲ್ಲ.