ಗ್ರಾಫಿಕ್ಸ್ ಕಾರ್ಡಿಗೆ ಜ್ವರ ಬಂದದ್ದು

ಚಿತ್ರದುರ್ಗದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಕೆಟ್ಟ ಯಂತ್ರದ ಜೊತೆಗೆ ಅದರ ಮನೆಯ ಕಥೆಯೂ ಬರುತ್ತದೆ. ಮಧ್ಯಾಹ್ನ ಫ್ಯಾನ್ ನಿಧಾನವಾಗಿ ತಿರುಗುತ್ತಿರುತ್ತದೆ, ಎದುರಿನ ಬಂಡೆಗಳು ಬಿಸಿಲಲ್ಲಿ ಮಲಗಿರುತ್ತವೆ, ನಾನೂ ಅರ್ಧ ಕನಸಿನಲ್ಲಿರುತ್ತೇನೆ. ಇದೂ ಅಂಥ ಹೊತ್ತಿನಲ್ಲೇ ಬಂತು.

೧. ಅವಸರ

ಬಬ್ಬೂರಿನಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವವನೊಬ್ಬ ಬೆಡ್‌ಶೀಟಿನಲ್ಲಿ ಸುತ್ತಿದ ಕಂಪ್ಯೂಟರನ್ನು ಕೂಸಿನಂತೆ ಎತ್ತಿಕೊಂಡು ಬಂದ.

"ಏನ್ ಮಾಡ್ದೆಪ್ಪ ಇದಕ್ಕೆ?"

"ಗ್ರಾಫಿಕ್ಸ್ ಕಾರ್ಡ್ ಓವರ್‌ಕ್ಲಾಕ್ ಮಾಡ್ದೆ ಅಣ್ಣಾ. ಕಂಪನಿ ಕೊಟ್ಟ ವೇಗ ಸಾಲ್ಲಿಲ್ಲ, ಏರಿಸ್ದೆ. ಪರದೆ ತುಂಬ ಗೆರೆ ಬಂದು ಕಪ್ಪಾತು."

ಊರವರದ್ದೆಲ್ಲ ಮುಗಿಸಿ, ತನ್ನದೇ ಮದುವೆಯ ವಿಡಿಯೊವನ್ನು ಎರಡು ವರ್ಷದಿಂದ ಬಾಕಿ ಇಟ್ಟಿದ್ದನಂತೆ. "ಅದು ಮುಗಿದ ದಿನ ಬರ್ತೀನಿ" ಎಂದು ಹೆಂಡತಿ ಹೊಸದುರ್ಗದ ತವರಿಗೆ ಹೋಗಿ ಕೂತಿದ್ದಳು. ನನಗೆ ಪಾಪ ಅನ್ನಿಸಿತು.

"ಇಷ್ಟು ಅವಸರ ಮಾಡಿದ್ರೆ ಕಾರ್ಡು ತಡೀತೈತೇನಪ್ಪ?"

"ಮದ್ವೆಗೇ ಇಷ್ಟು ಅವಸರ ಇರ್ಲಿಲ್ಲ ಅಣ್ಣಾ!"

೨. ಜ್ವರ

ಏರಿಸಿದ ವೇಗ ಇಳಿಸಿದೆ, ಧೂಳು ತೆಗೆದೆ, ಚಿಪ್‌ನ ಶಾಖ ಹೊರಗೆ ಸಾಗಿಸುವ, ಒಣಗಿಹೋಗಿದ್ದ ಪೇಸ್ಟ್ ಬದಲಿಸಿದೆ. ಕಾರ್ಡಿನ ತಾಕತ್ತು ನೋಡುವ ಪರೀಕ್ಷೆಯ ಚಿತ್ರ ಹಾಕಿದಾಗ ಪರದೆಯ ಮೇಲೆ ನೀಲಿ ನೀರು ಅಲೆ ಅಲೆಯಾಗಿ ಹರಿಯತೊಡಗಿತು. ನೋಡುತ್ತ ನೋಡುತ್ತ ಕೆರೆಯ ದಡದಲ್ಲಿ ಕೂತಂತಾಗಿ ನನಗೆ ನಿದ್ದೆ ಹತ್ತಿತು. ಎಚ್ಚರವಾದಾಗಲೂ ನೀರು ಹರಿಯುತ್ತಲೇ ಇತ್ತು. ಕಾರ್ಡು ಗುಣವಾಗಿತ್ತು.

ಆದರೆ ಅವನು ಮನೆಗೆ ಒಯ್ದರೆ ಅರ್ಧ ಗಂಟೆಗೆ ಬಂದ್. ಅಂಗಡಿಗೆ ತಂದರೆ ಸರಿ. ಎರಡು ಸಲ ಹೀಗಾದ ಮೇಲೆ ನಾನೇ ಅವನ ಮನೆಗೆ ಹೋದೆ. ಯಂತ್ರವನ್ನು ಓಡಲು ಬಿಟ್ಟು ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದೆವು. ಕಿಟಕಿಯಿಂದ ನೋಡಿದರೆ, ಅವನ ತಾಯಿ ಕಂಪ್ಯೂಟರನ್ನು ಮುಟ್ಟಿ ನೋಡಿ, ಕರಿ ಕಂಬಳಿ ತಂದು ಬಿಗಿಯಾಗಿ ಹೊದಿಸುತ್ತಿದ್ದರು. ಕುರಿ ಕಾಯುವವರ ಮನೆಯ ಕಂಬಳಿ, ಗಾಳಿ ನುಸುಳುವಂತಿಲ್ಲ.

"ಧೂಳಿಗೆ ಹೊದಿಸ್ತಾಳೆ ಅಂದ್ಕಂಡಿದ್ದೆ" ಅಂದ ಮಗ.

"ಯಾಕಮ್ಮಾ ಹಂಗ್ ಮಾಡ್ತೀರಿ?" ಎಂದು ಕೇಳಿದೆ.

"ಮೈ ಸುಡ್ತೈತೆ ನೋಡಪ್ಪ. ಚೆನ್ನಾಗಿ ಬೆವರ್ಲಿ, ಜ್ವರ ತಾನೇ ಇಳೀತೈತೆ."

೩. ಕಣ್ಣು

ಕಂಬಳಿ ತೆಗೆದೆವು, ಯಂತ್ರ ನಿಲ್ಲದೆ ಓಡಿತು. ಒಂದು ವಿಡಿಯೊಗೆ ಇಷ್ಟೆಲ್ಲ ವೇಗ ಯಾಕೆ ಬೇಕಿತ್ತೆಂದು ಕೇಳಿದೆ. ಅವನು ದನಿ ತಗ್ಗಿಸಿದ.

"ಮುಹೂರ್ತ ನಸುಕಿನಾಗಿತ್ತು ಅಣ್ಣಾ. ಧಾರೆ, ತಾಳಿ, ಎಲ್ಲದ್ರಾಗೂ ನನ್ ಹೆಂಡ್ತಿ ತೂಕಡಿಸ್ತಾಳೆ. ನೋಡಿದ್ರೆ ಬೇಜಾರು ಮಾಡ್ಕಂತಾಳೆ ಅಂತ, ಮುಚ್ಚಿದ ಕಣ್ಣನ್ನೆಲ್ಲ ಸಾಫ್ಟ್‌ವೇರಿನಾಗೆ ತೆರೆಸ್ತಾ ಇದೀನಿ. ಆಕೆಗೆ ಹೇಳಿಲ್ಲ."

ಎರಡು ವರ್ಷ! ಇಂಥ ಗಂಡನ ಮೇಲೆ ಮುನಿಸಿಕೊಂಡಳಲ್ಲ ಅನ್ನಿಸಿತು.

ವಿಡಿಯೊ ಮುಗಿಯಿತು. ಹೇಳಿದಂತೆ ಅವಳು ಅವತ್ತೇ ಬಸ್ಸು ಹತ್ತಿ ಬಂದಳು. ಮಾರನೇ ದಿನ ನನಗೆ ಅವಳದೇ ಫೋನು.

"ಅಣ್ಣಾ, ವಿಡಿಯೊದಾಗೆ ತಾಳಿ ಕಟ್ಟಿದಾಗಿಂದ ಊಟದ ತನಕ ನಾನು ಒಂದ್ ಸತಿನೂ ರೆಪ್ಪೆ ಬಡಿದಿಲ್ಲ! ನೋಡಾಕೆ ಬಂದಿದ್ದ ಮಕ್ಕಳು ಹೆದರಿ ಓಡಿಹೋದ್ವು. ನಾನು ತೂಕಡಿಸಿದ್ದು ಛತ್ರದಾಗಿದ್ದೋರಿಗೆಲ್ಲ ಗೊತ್ತೈತೆ, ಅದನ್ನೇ ಹಾಕಾಕೆ ಹೇಳ್ರಿ ಇವ್ರಿಗೆ!"