ಇರಣ್ಣನವರ ಗುಳಿಗೆ, ವೆಂಕಟಮ್ಮನ ಹಸು

"ಇನ್ನ ಗುಳಿಗಿ ಮುಟ್ಟಿದ್ರ ನಾನು ಇರಣ್ಣನ ಅಲ್ಲ!"

ದಾಸರಹಳ್ಳಿಯ ಬಾಡಿಗೆ ಮನೆಯ ಕನ್ನಡಿಯ ಮುಂದೆ ಇರಣ್ಣನವರು ಈ ಘೋರ ಪ್ರತಿಜ್ಞೆ ಮಾಡಿದ್ದು ತೊಂಬತ್ತೆಂಟರ ಯುಗಾದಿಯ ಮರುದಿನ. ಒಂದು ಕಾಲದಲ್ಲಿ ಪೀಣ್ಯದ ಕಾರ್ಖಾನೆಯ ಕುರ್ಚಿಗಳು ಇವರನ್ನು ಹೊತ್ತು ಒಂದೊಂದಾಗಿ ಕಾಲು ಮುರಿದುಕೊಂಡು ನಿವೃತ್ತಿ ಪಡೆದಿದ್ದವು. ಮುಂಬಯಿಗೆ ಹೋಗಿ, ಆಪರೇಷನ್ನಿನಲ್ಲಿ ಹೊಟ್ಟೆಯ ಚೀಲವನ್ನೇ ಚಿಕ್ಕದು ಮಾಡಿಸಿಕೊಂಡು ಬಂದ ಎರಡು ವರ್ಷದಲ್ಲಿ ನೂರಮೂವತ್ತು ಕಿಲೋ ಎಂಬತ್ತಕ್ಕೆ ಇಳಿದಿತ್ತು. ಅಂಥ ವೀರನಿಗೆ ಗುಳಿಗೆಯ ಹಂಗೇ?

ಮುಂಬಯಿಯ ಡಾಕ್ಟರು ಮಾತ್ರ ಶಾಸನವನ್ನೇ ಬರೆದುಕೊಟ್ಟಿದ್ದರು. ಇಷ್ಟು ಪುಟ್ಟ ಹೊಟ್ಟೆಗೆ ಊಟವೊಂದೇ ಸಾಲದು. ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ, ವಿಟಮಿನ್ನು, ಮೊಳಕೆ ಕಾಳು, ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಎಲ್ಲಿಯ ತನಕ? ಜೀವ ಇರುವ ತನಕ!

"ಬೊಜ್ಜು ಹೋತು. ಇನ್ನ್ಯಾಕ ಔಷಧ?" ಎಂದರು ಇರಣ್ಣನವರು.

"ಡಾಕ್ಟರು ಹೇಳ್ಯಾರ, ಸುಮ್ನ ನುಂಗ್ರಿ" ಎಂದರು ಹೆಂಡತಿ ಮಹಾಂತಮ್ಮ. ದಿನವೂ ಗುಳಿಗೆಯನ್ನು ಗಂಡನ ಅಂಗೈಗೆ ಹಾಕಿ, ನೀರು ಕೊಟ್ಟೇ ಆಕೆ ಅಡುಗೆಮನೆಗೆ ಹೋಗುತ್ತಿದ್ದರು.

ಆಕೆ ಹೋಗುವುದೇ ತಡ, ಇವರು ಅಂಗಳಕ್ಕೆ! ಅಲ್ಲಿ ಮನೆ ಒಡತಿ ವೆಂಕಟಮ್ಮನ ಹಸು ಕಟ್ಟಿತ್ತು. ಬಾಡಿಗೆಯವರೆಲ್ಲ ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆಯನ್ನು ಅದರ ಕಲಗಚ್ಚಿನ ಬಕೆಟ್ಟಿಗೆ ಸುರಿಯಬೇಕೆಂಬುದು ವಠಾರದ ಕಾನೂನು. ಇರಣ್ಣನವರಷ್ಟು ಶ್ರದ್ಧೆಯಿಂದ ಕಾನೂನು ಪಾಲಿಸಿದವರಿಲ್ಲ. ಗುಳಿಗೆ ಬಕೆಟ್ಟಿಗೆ, ಮೊಳಕೆ ಕಾಳು ಬಕೆಟ್ಟಿಗೆ, ತಮ್ಮ ಪುಟ್ಟ ಹೊಟ್ಟೆಗೆ ಕಾರ್ಖಾನೆ ಗೇಟಿನ ಬೇಕರಿಯ ದಿಲ್‌ಪಸಂದ್! ರಕ್ತ ಪರೀಕ್ಷೆ? "ಆಫೀಸಿನಿಂದ ಹಂಗ ಹೋಗಿ ಮಾಡಿಸಿದೆ, ಎಲ್ಲಾ ಫಸ್ಟ್ ಕ್ಲಾಸ್!"

ವರ್ಷ ತುಂಬುವುದರೊಳಗೆ ಬಾಚಣಿಗೆ ತುಂಬ ಕೂದಲು, ಪಾದದಲ್ಲಿ ಜುಮುಜುಮು, ನಾಲ್ಕು ಮೆಟ್ಟಿಲಿಗೆ ಏದುಸಿರು.

"ನನ್ನ ಅಡಿಗಿಯೊಳಗ ಏನೋ ಕಮ್ಮಿ ಬೀಳಾಕತ್ತೈತಿ" ಎಂದು ಮಹಾಂತಮ್ಮ ಕೊರಗಿ, ಕಾಳಿನ ಬಟ್ಟಲನ್ನು ಇನ್ನಷ್ಟು ದೊಡ್ಡದು ಮಾಡಿದರು. ಇರಣ್ಣನವರಿಗೆ ನಾಚಿಕೆಯಾಗಲಿಲ್ಲವೇ? ಆಯಿತು. ಆದರೆ ಹೇಳಿಬಿಟ್ಟರೆ ಇನ್ನೂ ನಾಚಿಕೆ ಎಂದು ಸುಮ್ಮನಿದ್ದರು.

ಒಂದು ಸೋಮವಾರ ಮೆಟ್ಟಿಲ ಮೇಲೆಯೇ ಧೊಪ್ಪನೆ ಬಿದ್ದರು! ಹತ್ತಿರದ ನರ್ಸಿಂಗ್ ಹೋಮಿನ ಡಾಕ್ಟರು ಮುಂಬಯಿಯ ಔಷಧ ಚೀಟಿಯನ್ನೂ ರಕ್ತದ ರಿಪೋರ್ಟನ್ನೂ ನೋಡಿ ಕೆರಳಿದರು.

"ಹಿಮೋಗ್ಲೋಬಿನ್ ಬರೀ ಆರು! ಏನಮ್ಮಾ, ಮಾತ್ರೆ ಕೊಡ್ತಿದ್ರೋ ಇಲ್ವೋ?"

"ಒಂದು ದಿನಾನೂ ತಪ್ಪಿಸಿಲ್ರಿ."

"ಸುಳ್ಳು ಹೇಳ್ಬೇಡಿ. ಗಂಡನ ಜೀವದ ಜೊತೆ ಆಟ ಆಡ್ತೀರಾ?"

ಮಹಾಂತಮ್ಮನ ಕಣ್ಣು ತುಂಬಿತು. ಇರಣ್ಣನವರು ಬಾಯಿ ತೆರೆದರು. ದಿಲ್‌ಪಸಂದ್‌ಗೆ ಅಷ್ಟಗಲ ತೆರೆಯುತ್ತಿದ್ದ ಬಾಯಿ ಒಂದು ಲೋಟ ನೀರು ಕೇಳಿ ಮುಚ್ಚಿಕೊಂಡಿತು. ಪಾಪ ಎನಿಸಿ ನರ್ಸ್ ಆಕೆಗೆ ಕಾಫಿ ಕೊಡಲು ಬಂದಳು.

"ಬ್ಯಾಡವಾ, ಉಪಾಸ. ಇವರ ಕೂದಲ ಉದುರಾಕ ಶುರುವಾದಾಗಿಂದ ಸೋಮವಾರ ಹಿಡದೀನಿ."

ಇರಣ್ಣನವರು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡರು.

ಅಷ್ಟರಲ್ಲಿ ಹಾಲಿನ ಕ್ಯಾನು ಹಿಡಿದು ವೆಂಕಟಮ್ಮ ನುಗ್ಗಿದರು.

"ಅಯ್ಯೋ ಸಾಮಿ, ಇಂಗಾಗೋಯ್ತಾ! ತಗಳಿ, ನಮ್ ಗೌರಿ ಹಾಲು. ನಾಕ್ ಲೀಟ್ರು ಕೊಡ್ತಿದ್ದೋಳು ಈಗ ಏಳು ಕೊಡ್ತಾವ್ಳೆ! ಎಲ್ಲಾ ಈ ಪುಣ್ಯಾತ್ಮನಿಂದ ಡಾಕ್ಟ್ರೇ. ದಿನಾ ತಪ್ಪದೆ ಕೆಂಪ್ ಮಾತ್ರೆ, ಬಿಳೀ ಮಾತ್ರೆ, ಮೊಳಕೆ ಕಾಳು ತಂದು ಕಲಗಚ್ಚಿಗೆ ಹಾಕ್ತಾರೆ. ಯಾರಿಗೂ ಹೇಳ್ದೆ ಮಾಡೋ ಪುಣ್ಯ ಅಂತ ನಾನೂ ಬಾಯ್ಬಿಡ್ಲಿಲ್ಲ!"

ಡಾಕ್ಟರು ಕನ್ನಡಕ ತೆಗೆದು, "ತಪ್ಪಾಯ್ತು ಕಣಮ್ಮಾ, ಕ್ಷಮಿಸಿ" ಎಂದು ಮಹಾಂತಮ್ಮನಿಗೆ ಕೈಮುಗಿದರು. ಮುಗಿಯಬೇಕಾದ ಕೈಗಳು ಹೊದಿಕೆಯನ್ನು ಇನ್ನಷ್ಟು ಮೇಲಕ್ಕೆ ಎಳೆದವು. ಭೂಮಿ ಬಾಯಿ ಬಿಡಬಾರದೇ ಎನಿಸಿತು ಇರಣ್ಣನವರಿಗೆ.

ಉಳಿದವರೆಲ್ಲ ಹೋದ ಮೇಲೆ ಹೊದಿಕೆಯಿಂದ ಸಣ್ಣ ದನಿ ಬಂತು.

"ತಪ್ಪಾತು. ನಾಳಿಂದ ಎಲ್ಲಾ ನುಂಗ್ತೀನಿ. ನೀ ಇನ್ನ ಉಪಾಸ ಬಿಡು."

ಮಹಾಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಹೆಂಗ ಬಿಡ್ಲಿ? ನಿಮ್ಮ ಮೈಗಾದ್ರ ಗುಳಿಗಿ ಅದಾವ. ಬುದ್ಧಿಗೆ ಇನ್ನೂ ಯಾರೂ ಗುಳಿಗಿ ಮಾಡಿಲ್ಲಲ್ಲ!"