ಗಿರಿಜಕ್ಕನ ಗೊಂಬೆಗಳೂ ನನ್ನ ನಿಷ್ಪಕ್ಷಪಾತವೂ

ಪಕ್ಷಪಾತ ಎನ್ನುವುದು ಗೊರಕೆಯ ಹಾಗೆ. ಅದು ಯಾವಾಗಲೂ ಪಕ್ಕದವರದು. ಕೋಪಿಷ್ಠರೆಂದು ಒಪ್ಪಿಕೊಂಡವರನ್ನು ನೋಡಿದ್ದೇನೆ, ಜಿಪುಣರೆಂದು ಹೆಮ್ಮೆಪಡುವವರನ್ನೂ ನೋಡಿದ್ದೇನೆ. ‘ನಾನು ಪಕ್ಷಪಾತಿ ಕಣ್ರೀ’ ಎಂದವರು ಮಾತ್ರ ಇಂದಿಗೂ ಸಿಕ್ಕಿಲ್ಲ. ನಾನಂತೂ ಈ ವಿಷಯದಲ್ಲಿ ಬಹಳ ಎಚ್ಚರದ ಮನುಷ್ಯ. ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದವನು. ಮನಸ್ಸು ತನ್ನ ಯಜಮಾನನಿಗೇ ಹೇಗೆ ಟೋಪಿ ಹಾಕುತ್ತದೆ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಪಾಸಾದವನು. ದಿನವೂ ಡೈರಿ ಬರೆಯುತ್ತೇನೆ, ಆದರೆ ಬರೆದದ್ದನ್ನು ನಂಬುವುದಿಲ್ಲ. ಏಕೆಂದರೆ ನಡೆದದ್ದನ್ನು ಮೊದಲು ಹೆಂಡತಿ ಸುಮಾಗೆ ಹೇಳಿ, ಅವಳು ನಕ್ಕ ಕಡೆ ಒಂದಿಷ್ಟು ಹಿಗ್ಗಿಸಿ, ಹುಬ್ಬು ಗಂಟಿಕ್ಕಿದ ಕಡೆ ಒಂದಿಷ್ಟು ಕತ್ತರಿಸಿ, ಆಮೇಲೆ ಬರೆಯುವ ಅಭ್ಯಾಸ ನನ್ನದು. ಇಷ್ಟು ಎಚ್ಚರವಿರುವವನನ್ನು ನಮ್ಮ ಸಿದ್ಧಾರ್ಥನಗರದ ನಿವಾಸಿಗಳ ಸಂಘದವರು ದಸರಾ ಗೊಂಬೆ ಸ್ಪರ್ಧೆಗೆ ತೀರ್ಪುಗಾರನನ್ನಾಗಿ ಕರೆದದ್ದರಲ್ಲಿ ನನಗೇನೂ ಆಶ್ಚರ್ಯವಾಗಲಿಲ್ಲ. ಇಷ್ಟು ವರ್ಷ ಏಕೆ ಕರೆದಿರಲಿಲ್ಲ ಎಂಬುದೇ ಆಶ್ಚರ್ಯ.

ಒಂದೇ ತೊಡಕೆಂದರೆ, ಸ್ಪರ್ಧೆಗೆ ಹೆಸರು ಕೊಟ್ಟವರಲ್ಲಿ ಹಿಂದಿನ ಅಡ್ಡರಸ್ತೆಯ ಗಿರಿಜಕ್ಕನೂ ಇದ್ದರು. ಗಿರಿಜಕ್ಕ ಸುಮಾಳ ಒಡಹುಟ್ಟಿದ ಅಕ್ಕ. ಅವರು ಕೂರಿಸುವುದು ತೀರಿಹೋದ ತಾಯಿಯ ಕಾಲದ ಗೊಂಬೆಗಳನ್ನು. ನಡುವೆ ಮರದ ರಾಜ, ರಾಣಿ: ಪಟ್ಟದ ಗೊಂಬೆಗಳು. ರಾಣಿಯ ಮೂಗು ಸವೆದಿದೆ. ರಾಜನ ಮೀಸೆ ವರ್ಷವರ್ಷವೂ ಮಾಸುತ್ತದೆ, ಸುಮಾ ವರ್ಷವರ್ಷವೂ ಹೋಗಿ ಅದಕ್ಕೆ ಕಪ್ಪು ಬಣ್ಣ ತೀಡಿ ಬರುತ್ತಾಳೆ. ಈಚೆಗೆ ಗೊಂಬೆ ನೋಡಲು ಬಂದವರೆಲ್ಲ ‘ಈ ವರ್ಷದ ಥೀಮ್ ಏನು?’ ಎಂದು ಕೇಳಿ, ಥೀಮ್ ಇಲ್ಲವೆಂದರೆ ಕುಂಕುಮ ತೆಗೆದುಕೊಂಡು ಹೊರಟುಬಿಡುತ್ತಿದ್ದರು. ಗಿರಿಜಕ್ಕನಿಗೆ ಸಾಕಾಗಿತ್ತು. “ಇದೊಂದು ಸಲ ನೋಡ್ತೀನಿ ಸುಮಾ. ಅಮ್ಮನ ಗೊಂಬೆ ಯಾರಿಗೂ ಬೇಡ ಅಂದ್ರೆ ಟ್ರಂಕ್ ಮುಚ್ಚಿ ಅಟ್ಟಕ್ಕೆ ಹಾಕ್ಬುಡ್ತೀನಿ” ಎಂದಿದ್ದರು.

ಸಂಘದ ಅಧ್ಯಕ್ಷ ಪುಟ್ಟಸ್ವಾಮಿಯವರ ಬಳಿ ಹೋಗಿ, ನಮ್ಮ ನೆಂಟರೇ ಸ್ಪರ್ಧೆಯಲ್ಲಿದ್ದಾರೆ, ನನ್ನನ್ನು ಬಿಟ್ಟುಬಿಡಿ ಎಂದೆ. ಅವರು ನಕ್ಕರು. “ಅಯ್ಯೋ ಬುಡಿ ಸಾರ್, ನಿಮ್ಮಂಥೋರು ಪಾರ್ಷಿಯಾಲಿಟಿ ಮಾಡ್ತಾರಾ?” ಈ ಒಂದು ಮಾತು ಬೆಲ್ಲದಂತೆ ಒಳಗೆ ಕರಗಿತು. ಸುಮಾ ಮಾತ್ರ ಚಪ್ಪಲಿ ಮೆಟ್ಟುವಾಗ ಎಚ್ಚರಿಸಿದಳು: “ನೋಡಿ, ಅಕ್ಕ ಅಂತ ಜಾಸ್ತಿ ಹಾಕ್ಬೇಡಿ. ನ್ಯಾಯವಾಗಿ ಎಷ್ಟು ಬರುತ್ತೋ ಅಷ್ಟು ಹಾಕಿ.”

ಹೊರಟೆವು: ನಾನು, ಪುಟ್ಟಸ್ವಾಮಿಯವರು, ನಿವೃತ್ತ ಮುಖ್ಯೋಪಾಧ್ಯಾಯಿನಿ ವಿಶಾಲಾಕ್ಷಮ್ಮನವರು. ಸಂಜೆಯ ಕಾಫಿ ಹೊತ್ತು. ಮೊದಲ ಮನೆಯಲ್ಲಿ ತಲೆಗೊಂದು ಬಾಳೆಹಣ್ಣು ಕೊಟ್ಟರು. ಹೊರಗೆ ಬರುತ್ತಲೇ ವಿಶಾಲಾಕ್ಷಮ್ಮನವರಿಗೆ ಗೊಂಬೆಯ ಮೆಟ್ಟಿಲುಗಳು ಓರೆಯಾಗಿ ಕಂಡವು. ಎರಡನೆಯ ಮನೆಯಲ್ಲಿ ಕೊಬ್ಬರಿ ಮಿಠಾಯಿ. ಪುಟ್ಟಸ್ವಾಮಿಯವರಿಗೆ ಸಕ್ಕರೆ ಕಾಯಿಲೆ. ಆ ಮನೆಯ ಅಲಂಕಾರದಲ್ಲಿ ಬಣ್ಣ ವಿಪರೀತವಾಯಿತೆಂದು ಅವರ ಅಭಿಪ್ರಾಯ. ಮೂರನೆಯದು ಶಶಿಕಲಾ ಅವರ ಮನೆ. ಅಲ್ಲಿ ಹಜಾರದ ತುಂಬ ಆಕಾಶ. ಒಂದು ರಾಕೆಟ್ಟು ಚಂದ್ರನ ಮೇಲೆ ಇಳಿಯುತ್ತಿತ್ತು. ಚಂದ್ರ ಎಂದರೆ ಬೆಳ್ಳಿ ಕಾಗದ ಸುತ್ತಿದ ನೆಗ್ಗಿದ ಹರಿವಾಣ. ನಾನು ಅದನ್ನು ಅನುಮಾನದಿಂದಲೇ ನೋಡಲು ತೊಡಗಿದ್ದೆ. ಅಷ್ಟರಲ್ಲಿ ಬಿಸಿಬಿಸಿ ಮದ್ದೂರು ವಡೆ ಬಂತು. ಹಿಂದೆಯೇ ನೊರೆ ಉಕ್ಕುವ ಫಿಲ್ಟರ್ ಕಾಫಿ ಬಂತು. ಎರಡನೆಯ ವಡೆ ಮುಗಿಯುವ ಹೊತ್ತಿಗೆ ಆ ಹರಿವಾಣದ ತಗ್ಗುಗಳಲ್ಲಿ ನನಗೆ ಮನುಷ್ಯಕುಲದ ಜ್ಞಾನದಾಹ ಕಾಣಿಸತೊಡಗಿತ್ತು. (ನಾನು ತಿಂದದ್ದು ಎರಡು ಎಂದು ನನ್ನ ನೆನಪು. ವಿಶಾಲಾಕ್ಷಮ್ಮನವರ ನೆನಪಿನಲ್ಲಿ ಅದು ನಾಲ್ಕು. ವಯಸ್ಸಾದವರ ನೆನಪನ್ನು ಎಷ್ಟು ನಂಬಬಹುದು ಹೇಳಿ.)

ಕೊನೆಗೆ ಗಿರಿಜಕ್ಕನ ಮನೆ. ಕಡಲೆಕಾಳಿನ ಉಸಲಿ ತಂದಿಟ್ಟರು. ಉಳಿದಿಬ್ಬರೂ ತಿಂದರು. ನಾನು ಕೈ ಅಡ್ಡ ಹಿಡಿದು, “ಬೇಡ ಗಿರಿಜಕ್ಕ, ಇವತ್ತು ನಾನು ತೀರ್ಪುಗಾರ” ಎಂದೆ. ಅವರು ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. ವಿಶಾಲಾಕ್ಷಮ್ಮನವರು ರಾಜರಾಣಿಯರ ಮುಂದೆ ಸುಮ್ಮನೆ ನಿಂತುಬಿಟ್ಟಿದ್ದರು. “ನಮ್ಮಜ್ಜಿ ಮನೇಲೂ ಇಂಥವೇ ಇದ್ವು ಕಣಮ್ಮ” ಎಂದು ಕಣ್ಣು ಒರೆಸಿಕೊಂಡರು.

ನನ್ನ ಪೆನ್ನು ಹತ್ತಕ್ಕೆ ಒಂಬತ್ತರ ಕಡೆಗೆ ಹೊರಟಿತು. ಆಗ ನೋಡಿ, ನನ್ನೊಳಗಿನ ಮನಶ್ಶಾಸ್ತ್ರ ಎದ್ದು ಕುಳಿತು ಕೇಳಿತು: ‘ಈ ಒಂಬತ್ತು ಗೊಂಬೆಗಳದೋ, ನೀನು ಈ ಮನೆಯಲ್ಲಿ ಉಂಡ ಸಾರಿನದೋ?’ ಗಾಬರಿಯಾಯಿತು. ನೆಂಟಸ್ತನಕ್ಕೆಂದು ಒಂದು ಕಳೆದೆ. ಸಾರಿಗೆಂದು ಒಂದು ಕಳೆದೆ. ರಾಜನ ಮೀಸೆ ನನ್ನ ಹೆಂಡತಿಯ ಕೈಯದಾದ್ದರಿಂದ ಅದಕ್ಕೂ ಒಂದು. ಆರು ಉಳಿಯಿತು. ಆ ಆರನ್ನು ಬರೆದಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು.

ಬಹುಮಾನ ವಿತರಣೆ ಪಾರ್ಕಿನಲ್ಲಿ. ಶಶಿಕಲಾ ಅವರಿಗೆ ಮೊದಲನೆಯದು, ಗಿರಿಜಕ್ಕನಿಗೆ ಎರಡನೆಯದು. ಅಷ್ಟಕ್ಕೇ ಮುಗಿದಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಪುಟ್ಟಸ್ವಾಮಿಯವರು ನನ್ನನ್ನು ಹೊಗಳಲೆಂದು ಮೈಕು ಹಿಡಿದರು. “ನಾವಿಬ್ರೂ ಒಂಬತ್ತು ಕೊಟ್ರೆ, ಸ್ವಂತ ಹೆಂಡ್ತಿ ಅಕ್ಕನಿಗೇ ಆರು ಕೊಟ್ಟವ್ರೆ ನಮ್ ನಾಗರಾಜು ಸಾರ್! ಇವರೊಬ್ರು ಒಂಬತ್ತು ಅಂದಿದ್ರೆ ಫಸ್ಟ್ ಪ್ರೈಜೇ ಆಗೋದು! ಜಗ್ಗಲಿಲ್ಲ ನೋಡಿ!” ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ಕೈಮುಗಿದೆ. ಮುಗಿದ ಕೈಗಳ ಆಚೆ ಸುಮಾಳ ಮುಖ ಕಂಡಿತು. ಕೈಗಳನ್ನು ಹಾಗೆಯೇ ಇಟ್ಟುಕೊಳ್ಳುವುದು ಕ್ಷೇಮವೆನಿಸಿತು.

ಮನೆಗೆ ಬಂದ ಮೇಲೆ ಅವಳು ಕೂಗಾಡಲಿಲ್ಲ. “ನ್ಯಾಯವಾಗಿ ಹಾಕಿ ಅಂದೆ. ಅನ್ಯಾಯ ಮಾಡಿ ಅಂದಿದ್ನಾ?” ಎಂದಳು.

“ನಿಷ್ಪಕ್ಷಪಾತ ಕಣೇ ಅದು. ಸಂಬಂಧ, ಸಾರು ಎಲ್ಲ ಕಳೆದು...”

“ಶಶಿಕಲಾ ಮನೆ ವಡೆಗೆ ಎಷ್ಟು ಕಳೆದ್ರಿ?”

ನಾನು ಓದಿದ ಯಾವ ಪಠ್ಯದಲ್ಲೂ ವಡೆಯ ಪ್ರಸ್ತಾಪ ಇರಲಿಲ್ಲ. ವಿಜಯದಶಮಿ ಕಳೆಯಿತು. ಗಿರಿಜಕ್ಕ ಗೊಂಬೆಗಳನ್ನು ಟ್ರಂಕಿಗೆ ತುಂಬುತ್ತಿದ್ದಾರೆ, ಮನೆಯವರಿಗೇ ಬೇಡವಾದ ಮೇಲೆ ಇನ್ನೇಕೆಂದು ಈ ಸಲ ಅದನ್ನು ಅಟ್ಟಕ್ಕೆ ಹಾಕಿಸುತ್ತಾರಂತೆ ಎಂದು ಸುಮಾ ಗೋಡೆಗೆ ಹೇಳಿದಳು. ಗೋಡೆಯ ಪಕ್ಕದಲ್ಲಿ ನಾನಿದ್ದೆ.

ಇದರ ನಡುವೆ ಹಾಲಿನ ಬೂತಿನಲ್ಲಿ ಒಬ್ಬರು ಹಲ್ಲು ಕಿರಿದರು. ಪಾರ್ಕಿನಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ ಮಹಾನುಭಾವರೇ ಅವರು. “ಮನೆಯೋರೇ ಜಡ್ಜ್ ಆದ್ಮೇಲೆ ಇನ್ನೇನು ಬುಡಿ ಸಾರ್, ಸೆಕೆಂಡ್ ಪ್ರೈಜ್ ಕೊಡಿಸ್ಬುಟ್ರಲ್ಲ!”

“ನಾನು ಕೊಟ್ಟಿದ್ದು ಆರು ಕಣ್ರೀ!”

“ಅದೇ ಮತ್ತೆ. ಯಾರಿಗೂ ಡೌಟ್ ಬರಬಾರ್ದು ಅಂತ ನೀವು ಆರು ಹಾಕಿ, ಅವರಿಬ್ರ ಕೈಲಿ ಒಂಬತ್ತು ಹಾಕಿಸಿದ್ರಂತೆ. ಬೀದಿಗೆಲ್ಲ ಗೊತ್ತು.”

ಹಾಲಿನ ಪ್ಯಾಕೆಟ್ಟು ಹಿಡಿದುಕೊಂಡೇ ಗಿರಿಜಕ್ಕನ ಮನೆಗೆ ನಡೆದೆ. ಅವರು ಹಜಾರದಲ್ಲಿ ಕುಳಿತು ರಾಣಿಗೆ ಹಳೆಯ ಪಂಚೆ ಸುತ್ತುತ್ತಿದ್ದರು. ನಡೆದದ್ದನ್ನು ಹೇಳಿದೆ, ನನಗೆ ಅನುಕೂಲವಾಗುವಂತೆಯೇ ಹೇಳಿದೆ. ಅವರು ಕೇಳುತ್ತ ಕೇಳುತ್ತ ನಗತೊಡಗಿದರು.

“ಆರು ಕೊಟ್ಟೂ ಕೆಟ್ಟ ಹೆಸರಾ? ಒಂಬತ್ತು ಕೊಟ್ಟಿದ್ರೂ ಇದೇ ಹೆಸರು ಬರ್ತಿತ್ತು. ಜೊತೆಗೆ ಉಸಲಿನಾದ್ರೂ ತಿನ್ನಬೋದಿತ್ತು ನೀವು.”

“ಅಟ್ಟಕ್ಕೆ ಹಾಕಿಸಬೇಡಿ ಗಿರಿಜಕ್ಕ” ಎಂದೆ.

ಅವರು ಟ್ರಂಕಿನಿಂದ ರಾಜನನ್ನು ಎತ್ತಿ ನನ್ನ ಮುಂದೆ ನಿಲ್ಲಿಸಿ, ಕಪ್ಪು ಬಣ್ಣದ ಡಬ್ಬಿ ಮತ್ತು ಕುಂಚ ತಂದಿಟ್ಟರು. “ಹಾಗಾದ್ರೆ ಈ ಸಲ ಮೀಸೆ ನೀವೇ ತೀಡಿ. ಬರೋ ವರ್ಷ ಕೂರಿಸ್ತೀನಿ. ಆದ್ರೆ ಈ ಕೆಲಸ ಮಾಡಿದ್ಮೇಲೆ ನೀವು ಮನೆ ಕಡೆಯೋರು. ಇನ್ಯಾವತ್ತೂ ಜಡ್ಜ್ ಆಗೋ ಹಂಗಿಲ್ಲ.”

ಹಾಲು ಇನ್ನೂ ಬರಲಿಲ್ಲವೆಂದು ಹುಡುಕಿಕೊಂಡು ಬಂದ ಸುಮಾ ಬಾಗಿಲಲ್ಲೇ ನಿಂತು ನಾನು ತೀಡಿದ ಮೀಸೆ ನೋಡಿದಳು. ಎಡಗಡೆ ಮೇಲಕ್ಕೆ ಹೋಗಿದೆ ಎಂದಳು. ಬಲಗಡೆ ಕೆನ್ನೆಗೆ ಹರಿದಿದೆ ಎಂದರು ಗಿರಿಜಕ್ಕ. ಇಬ್ಬರೂ ಅಕ್ಕತಂಗಿಯರು; ಒಬ್ಬರನ್ನೊಬ್ಬರು ಬಿಟ್ಟುಕೊಡುವುದಿಲ್ಲ. ನಾನು ಎರಡು ಹೆಜ್ಜೆ ಹಿಂದೆ ಸರಿದು ರಾಜನನ್ನು ಯಾವ ಪಕ್ಷಪಾತವೂ ಇಲ್ಲದೆ ಪರಿಶೀಲಿಸಿದೆ. ಅವನ ಮುಖದ ಮೇಲೆ ಇಂಥ ಮೀಸೆ ಹಿಂದೆಂದೂ ಕೂತದ್ದಿಲ್ಲ. ಹತ್ತಕ್ಕೆ ಹತ್ತೇ ಬರಬೇಕು. ನನ್ನದೇ ಕೈಕೆಲಸ ಎಂಬ ಕಾರಣಕ್ಕೆ ಒಂದು ಕಳೆದು ಒಂಬತ್ತು ಕೊಟ್ಟಿದ್ದೇನೆ.